ಹಿಮ್ಮಡಿ ನೋವಿಗೆ ಸೂಜಿ ಮದ್ದಲ್ಲ: ರೋಣ, ನರಗುಂದ, ಗಜೇಂದ್ರಗಡದ ಕಾಲುಗಳು ಕೇಳುತ್ತಿರುವುದೇನು?

ನರಗುಂದ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗೋದು ಬಂಡಾಯ. 1858ರಲ್ಲಿ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದದ್ದು, 1980ರ ಜುಲೈ 21ರಂದು ನೀರಾವರಿ ಕರದ ವಿರುದ್ಧ ರೈತರು ಬೀದಿಗಿಳಿದು ಗುಂಡೇಟು ತಿಂದದ್ದು, 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತದ್ದು. ಈ ಕತೆಗಳಲ್ಲಿ ಘೋಷಣೆಗಳಿವೆ, ಮುಖಂಡರ ಹೆಸರುಗಳಿವೆ. ಊರಿಂದ ಊರಿಗೆ ಪಾದಯಾತ್ರೆ ಹೋದವರ ಪಾದಗಳು ಮಾತ್ರ ಯಾರ ಲೆಕ್ಕಕ್ಕೂ ಸಿಕ್ಕಿಲ್ಲ.

ನಾನು ಈ ಭಾಗದಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವವಳು. ನನ್ನ ಮುಂದೆ ಬಂದು ಕೂರುವವರಲ್ಲಿ ಬಹಳಷ್ಟು ಮಂದಿ ಹೆಂಗಸರು. ಕಸ ತೆಗೆಯುವವರು, ಹತ್ತಿ ಬಿಡಿಸುವವರು, ಮಗ್ಗದ ಮನೆಯವರು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರು, ಅಂಗನವಾಡಿಯವರು. ಎಲ್ಲರ ಬಾಯಲ್ಲೂ ಹೆಚ್ಚುಕಮ್ಮಿ ಒಂದೇ ಮಾತು: "ಮುಂಜಾನೆ ಎದ್ದು ನೆಲಕ್ಕ ಕಾಲಿಟ್ರ ಮುಳ್ಳು ಚುಚ್ಚಿದಂಗ ಆಕ್ಕೈತ್ರಿ. ನಾಕು ಹೆಜ್ಜಿ ನಡದ್ರ ಕಡಿಮಿ ಆಕ್ಕೈತಿ. ಸಂಜಿಗೆ ಮತ್ತ ಸುರು." ಅದರ ಹಿಂದೆಯೇ ಇನ್ನೊಂದು ಮಾತು: "ಇಂಜೆಕ್ಷನ್ ಮಾಡ್ಸೀನ್ರಿ, ಎಂಟು ದಿನ ಆರಾಮ ಇತ್ತು."

ಈ ನೋವು ಏನು, ಅದಕ್ಕೆ ನಿಜವಾದ ಚಿಕಿತ್ಸೆ ಏನು, ಅಷ್ಟು ಅಗ್ಗದ ಚಿಕಿತ್ಸೆ ಇದ್ದರೂ ಅದು ಯಾಕೆ ಜನರಿಗೆ ಸಿಗುತ್ತಿಲ್ಲ? ಮೂರನ್ನೂ ಒಟ್ಟಿಗೆ ಹೇಳಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಅರ್ಥ ಆಗೋದಿಲ್ಲ.

ಅಂಗಾಲಿನೊಳಗೆ ನಡೆಯೋದೇನು?

ಹಿಮ್ಮಡಿಯ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಒಂದು ಗಟ್ಟಿ ಪಟ್ಟಿ ಇದೆ. ಬಿಲ್ಲಿಗೆ ಕಟ್ಟಿದ ಹಗ್ಗದ ಹಾಗೆ ಅದು ಪಾದದ ಕಮಾನನ್ನು ಹಿಡಿದಿರುತ್ತದೆ. ಪ್ರತಿ ಹೆಜ್ಜೆಗೂ ಮೈಭಾರ ಆ ಹಗ್ಗದ ಮೇಲೆ ಬೀಳುತ್ತದೆ. ದಿನಕ್ಕೆ ಎಂಟ್ಹತ್ತು ತಾಸು ನಿಂತರೆ, ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದರೆ, ಮೈತೂಕ ಏರಿದರೆ, ಮೀನಖಂಡ ಬಿಗಿಯಾದರೆ ಆ ಪಟ್ಟಿ ಹಿಮ್ಮಡಿಗೆ ಅಂಟಿದ ಜಾಗದಲ್ಲಿ ಸಣ್ಣಸಣ್ಣದಾಗಿ ಹರಿಯುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಸಡಿಲ ಬಿದ್ದು ಪಟ್ಟಿ ಕುಗ್ಗುತ್ತದೆ. ಮುಂಜಾನೆಯ ಮೊದಲ ಹೆಜ್ಜೆ ಅದನ್ನು ಒಮ್ಮೆಲೇ ಎಳೆಯುತ್ತದೆ. ಆ ಮುಳ್ಳು ಚುಚ್ಚಿದ ನೋವು ಅದೇ.

ಡಾಕ್ಟರರು ಇದಕ್ಕೆ ಪ್ಲಾಂಟರ್ ಫ್ಯಾಸಿಯೈಟಿಸ್ ಅನ್ನುತ್ತಾರೆ. ಜೀವಮಾನದಲ್ಲಿ ಹತ್ತರಲ್ಲಿ ಒಬ್ಬರಿಗೆ ಇದು ಬರುತ್ತದೆ ಅನ್ನುವುದು ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. 40ರಿಂದ 60ರ ವಯಸ್ಸಿನವರಲ್ಲಿ ಹೆಚ್ಚು. ಹೆಸರಿನಲ್ಲಿ ಉರಿಯೂತ ಇದೆ, ಆದರೆ ಹಳೆಯದಾದ ನೋವಿನಲ್ಲಿ ಉರಿಯೂತಕ್ಕಿಂತ ಸವೆತವೇ ಜಾಸ್ತಿ. ಉರಿಯೂತ ಇಳಿಸುವ ಗುಳಿಗೆ, ಸೂಜಿ ಯಾಕೆ ಕೆಲವೇ ದಿನ ಕೆಲಸ ಮಾಡುತ್ತವೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಸವೆದ ಹಗ್ಗಕ್ಕೆ ಬೇಕಾಗಿರೋದು ದುರಸ್ತಿ.

ಇನ್ನೊಂದು ಭ್ರಮೆಯನ್ನೂ ಇಲ್ಲೇ ಬಿಡಿಸಿಬಿಡೋಣ. ಎಕ್ಸ್-ರೇ ತೆಗೆಸಿ "ಹಿಮ್ಮಡಿಯಾಗ ಎಲುಬು ಬೆಳದೈತಿ" ಅಂತ ಹೆದರಿ ಬರುವವರು ಬಹಳ. ಆ ಮೊಳೆಯಂಥ ಎಲುಬು ನೋವೇ ಇಲ್ಲದ ಎಷ್ಟೋ ಜನರಲ್ಲೂ ಇರುತ್ತದೆ. ನೋವಿಗೆ ಅದೇ ಕಾರಣ ಅಂತ ಹೇಳಲಾಗದು. ಅದನ್ನು ಕತ್ತರಿಸಿ ತೆಗೆಯಬೇಕಾದ ಅಗತ್ಯ ತೀರಾ ಅಪರೂಪ.

ಮನೆಯಲ್ಲೇ ಮಾಡುವ ಚಿಕಿತ್ಸೆ

ಒಳ್ಳೆಯ ಸುದ್ದಿ ಏನೆಂದರೆ ಹತ್ತರಲ್ಲಿ ಎಂಟು-ಒಂಬತ್ತು ಜನರಿಗೆ ಆಪರೇಷನ್ ಇಲ್ಲದೆ ಇದು ವಾಸಿಯಾಗುತ್ತದೆ. ಆದರೆ ತಿಂಗಳುಗಳು ಹಿಡಿಯುತ್ತವೆ. ಕ್ರಮ ಹೀಗಿದೆ.

ಒಂದು, ಹಾಸಿಗೆಯಿಂದ ಇಳಿಯುವ ಮುಂಚೆ. ನೋಯುವ ಕಾಲನ್ನು ಇನ್ನೊಂದು ಮೊಣಕಾಲ ಮೇಲೆ ಇಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಮೊಳಗಾಲಿನ ಕಡೆ ಬಗ್ಗಿಸಿ ಎಳೆಯಿರಿ. ಅಂಗಾಲು ಬಿಗಿಯಾದದ್ದು ಇನ್ನೊಂದು ಕೈಗೆ ಗೊತ್ತಾಗಬೇಕು. 10 ಎಣಿಸಿ ಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಬಹಳ ಹೊತ್ತು ಕೂತು ಏಳುವ ಮುಂಚೆಯೂ ಮಾಡಿ.

ಎರಡು, ಮೀನಖಂಡದ ಎಳೆತ. ಗೋಡೆಗೆ ಎರಡೂ ಕೈ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಮೊಣಕಾಲು ನೆಟ್ಟಗೆ, ಹಿಮ್ಮಡಿ ನೆಲಕ್ಕೆ ಅಂಟಿಸಿ ಮುಂದಕ್ಕೆ ವಾಲಿ. 30 ಸೆಕೆಂಡು, ಮೂರು ಸಲ.

ಮೂರು, ಪಟ್ಟಿಗೆ ಬಲ ತುಂಬುವುದು. ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಗೋಡೆ ಹಿಡಿದು ಹಿಮ್ಮಡಿಯನ್ನು ನಿಧಾನ ಎತ್ತಿ. ಮೂರು ಎಣಿಸುವಷ್ಟರಲ್ಲಿ ಮೇಲೆ, ಎರಡು ಎಣಿಸುವವರೆಗೆ ಅಲ್ಲೇ, ಮೂರು ಎಣಿಸುವಷ್ಟರಲ್ಲಿ ಕೆಳಗೆ. 12 ಸಲ, ದಿನ ಬಿಟ್ಟು ದಿನ. ಒಂದೇ ಕಾಲ ಮೇಲೆ ಆಗದಿದ್ದರೆ ಎರಡೂ ಕಾಲು ಊರಿ ಶುರು ಮಾಡಿ. ಇದು ಎಂಟು ದಿನಕ್ಕೆ ಫಲ ಕೊಡೋದಿಲ್ಲ, ಮೂರು ತಿಂಗಳಲ್ಲಿ ಕೊಡುತ್ತದೆ.

ನಾಲ್ಕು, ತಂಪು. ನೀರು ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, ಬಟ್ಟೆ ಸುತ್ತಿ, ಸಂಜೆ 10 ನಿಮಿಷ ಅಂಗಾಲಿನ ಕೆಳಗೆ ಉರುಳಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಮಾತ್ರ ಇದನ್ನು ಮಾಡಬಾರದು. ಚರ್ಮ ಸುಟ್ಟರೂ ಅವರಿಗೆ ಗೊತ್ತಾಗೋದಿಲ್ಲ. ಬಿಸಿ ಇಟ್ಟಿಗೆ, ಬಿಸಿ ಉಪ್ಪಿನ ಗಂಟಿನ ಶಾಖವೂ ಅವರಿಗೆ ಅಷ್ಟೇ ಅಪಾಯ.

ಐದು, ಚಪ್ಪಲಿ. ಹಿಮ್ಮಡಿಯ ಕಡೆ ತುಸು ಎತ್ತರ, ಮೆತ್ತಗಿನ ಅಟ್ಟೆ ಇರಬೇಕು. ಸವೆದು ಹಾಳೆಯಂತಾದ ಹವಾಯಿ ಚಪ್ಪಲಿ ಲೆಕ್ಕಕ್ಕಿಲ್ಲ. ಮನೆಯೊಳಗೂ ಬೇಕು, ಯಾಕೆಂದರೆ ನಮ್ಮ ಹೆಂಗಸರು ಅತಿ ಹೆಚ್ಚು ಹೊತ್ತು ಬರಿಗಾಲಲ್ಲಿ ನಿಲ್ಲುವುದು ಅಡುಗೆ ಮನೆಯ ಕಲ್ಲುಹಾಸಿನ ಮೇಲೆ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೆಂದು ನಮ್ಮ ದೇಶದಲ್ಲಿ ದಶಕಗಳಿಂದ ಬಳಸುವ ಎಂಸಿಆರ್ ರಬ್ಬರಿನ ಚಪ್ಪಲಿ ಇಲ್ಲೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಆರನೆಯದು ವಿಶ್ರಾಂತಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ, ಏಕೆಂದರೆ ಸಮಸ್ಯೆ ಇರೋದೇ ಅಲ್ಲಿ.

ಸೂಜಿಯ ಲೆಕ್ಕ

ಕೂಲಿ ಹೋಗುವ ಹೆಣ್ಣುಮಗಳಿಗೆ ನಾಳೆ ಕೆಲಸಕ್ಕೆ ಹೋಗಲೇಬೇಕು. ಇವತ್ತು ಸಂಜೆ ಒಂದು ಸೂಜಿ ಹಾಕಿಸಿಕೊಂಡರೆ ನಾಳೆ ಹೋಗಬಹುದು. ಇದರಲ್ಲಿ ಅವಳ ದಡ್ಡತನ ಏನೂ ಇಲ್ಲ. ಅವಳ ಮುಂದಿರುವ ಲೆಕ್ಕವೇ ಅದು. ಆದರೆ ಆ ಸೂಜಿಯಲ್ಲಿ ಏನಿದೆ ಅನ್ನೋದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ.

ಸಾಮಾನ್ಯವಾಗಿ ಸೊಂಟಕ್ಕೆ ಚುಚ್ಚುವುದು ಡೈಕ್ಲೋಫೆನಾಕ್. ಎರಡು-ಮೂರು ದಿನದ ಮಟ್ಟಿಗೆ, ವೈದ್ಯರು ನೋಡಿ ಕೊಟ್ಟರೆ ಅದು ಕೆಟ್ಟ ಔಷಧವೇನಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣು, ರಕ್ತದೊತ್ತಡ, ಮೂತ್ರಪಿಂಡಕ್ಕೆ ಹಾನಿ. ಬಿಸಿಲಲ್ಲಿ ನೀರಿಲ್ಲದೆ ದುಡಿಯುವ ಮೈಗೆ, ಬಿಪಿ-ಶುಗರ್ ಇರುವ ಮೈಗೆ ಅಪಾಯ ಇನ್ನೂ ಹೆಚ್ಚು. ಇದೇ ಔಷಧ ಹಾಕಿಸಿಕೊಂಡು ಸತ್ತ ದನಗಳ ಮಾಂಸ ತಿಂದು ದೇಶದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಅದಕ್ಕೇ 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿತು. ಹದ್ದಿನ ಮೈ ಬೇರೆ, ಮನುಷ್ಯರ ಮೈ ಬೇರೆ, ನಿಜ. ಆದರೂ ಯಾವ ಅಂಗಕ್ಕೆ ಪೆಟ್ಟು ಅನ್ನೋದು ನೆನಪಿರಲಿ.

ಎರಡನೆಯದು ಸ್ಟಿರಾಯ್ಡ್. ಹಿಮ್ಮಡಿಗೇ ನೇರ ಚುಚ್ಚುವ ಸ್ಟಿರಾಯ್ಡ್ ಸುಮಾರು ಒಂದು ತಿಂಗಳು ಆರಾಮ ಕೊಡಬಲ್ಲದು. ಪದೇ ಪದೇ ಚುಚ್ಚಿದರೆ ಅಂಗಾಲಿನ ಪಟ್ಟಿಯೇ ಹರಿಯಬಹುದು, ಹಿಮ್ಮಡಿಯ ಕೆಳಗಿನ ಕೊಬ್ಬಿನ ಮೆತ್ತೆ ಕರಗಬಹುದು. ಕರಗಿದ ಮೆತ್ತೆ ಸುಲಭಕ್ಕೆ ಮರಳಿ ಬಾರದು. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಗುಳಿಗೆಗಳಲ್ಲೂ ಸ್ಟಿರಾಯ್ಡ್ ಇರುವ ಸಾಧ್ಯತೆ ಉಂಟು. ಸಕ್ಕರೆ ಏರುತ್ತದೆ, ಮುಖ ಊದುತ್ತದೆ, ಎಲುಬು ಟೊಳ್ಳಾಗುತ್ತದೆ. ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು, ವೈದ್ಯರ ಕಣ್ಣಳತೆಯಲ್ಲಿ ನಿಧಾನವಾಗಿ ಇಳಿಸಬೇಕು. ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ: ಚೀಟಿ ಇಲ್ಲದ ಸೂಜಿ ಬೇಡ, ಹೆಸರಿಲ್ಲದ ಗುಳಿಗೆ ಬೇಡ.

ಎಲ್ಲ ನೋವೂ ಒಂದೇ ಅಲ್ಲ

ಕಾಲು ನೋವು, ಕಾಲು ಬಾವು ಅಂದರೆ ಹಿಮ್ಮಡಿ ಒಂದೇ ಅಲ್ಲ. ಕೆಲವನ್ನು ವ್ಯಾಯಾಮದಿಂದ ಸರಿ ಮಾಡಲು ಹೋಗಬಾರದು.

ರಾತ್ರೋರಾತ್ರಿ ಹೆಬ್ಬೆರಳಿನ ಬುಡ ಕೆಂಪಾಗಿ, ಬೆಂಕಿಯಂತೆ ಬಿಸಿಯಾಗಿ, ಹೊದಿಕೆ ತಾಗಿದರೂ ಕಿರುಚುವಂತಾದರೆ ಅದು ಗೌಟ್ ಇರಬಹುದು. ರಕ್ತದ ಯೂರಿಕ್ ಆಮ್ಲ ಹರಳುಗಟ್ಟಿ ಕೀಲಿನಲ್ಲಿ ಕೂರುವ ಕಾಯಿಲೆ. ಅದಕ್ಕೆ ಬೇರೆಯೇ ಔಷಧಗಳಿವೆ.

ಸಕ್ಕರೆ ಕಾಯಿಲೆ ಇರುವವರ ಒಂದು ಪಾದ ಬಿಸಿಯಾಗಿ ಊದಿದ್ದು, ನೋವು ಅಷ್ಟಾಗಿ ಇಲ್ಲದಿದ್ದರೆ ಅದು ಆರಾಮದ ಲಕ್ಷಣ ಅಲ್ಲ, ತುರ್ತು. ನರ ಸತ್ತ ಪಾದದೊಳಗೆ ಮೂಳೆಗಳು ಪುಡಿಯಾಗುತ್ತಿರಬಹುದು. ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜಾಲಿಮುಳ್ಳು ಚುಚ್ಚಿದ ಮೇಲೆ ಕೆಂಪು ಮೇಲಕ್ಕೇರುತ್ತಿದ್ದರೆ, ಜ್ವರ ಬಂದರೆ, ಆಗಲೂ ಅಷ್ಟೇ.

ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಎರಡೂ ಪಾದ ಊದಿ, ಒತ್ತಿದರೆ ಗುಳಿ ಬಿದ್ದರೆ ಹೃದಯ, ಮೂತ್ರಪಿಂಡ, ರಕ್ತಹೀನತೆ ನೋಡಿಸಬೇಕು. ಬಸುರಿಯರಲ್ಲಿ ಊತದ ಜೊತೆ ತಲೆನೋವು, ಕಣ್ಣು ಮಂಜು ಬಂದರೆ ತಡ ಮಾಡಲೇಬಾರದು. ಬರಿಗಾಲಲ್ಲಿ ದುಡಿಯುವವರ ಪಾದದಲ್ಲಿ ನೋವಿಲ್ಲದ ಗಂಟಾಗಿ, ಅದರಿಂದ ಕಾಳಿನಂಥ ಕಣಗಳು ಸೋರಿದರೆ ಅದು ಮಣ್ಣಿನಿಂದ ಬರುವ ಶಿಲೀಂಧ್ರದ ಅಥವಾ ಬ್ಯಾಕ್ಟೀರಿಯಾದ ಸೋಂಕು ಇರಬಹುದು.

2006ರಲ್ಲಿ ರಾಜ್ಯವನ್ನೇ ಹಾಸಿಗೆ ಹಿಡಿಸಿದ ಚಿಕೂನ್‌ಗುನ್ಯ ನೆನಪಿರಬಹುದು. ಆ ಜ್ವರದ ನಂತರದ ಹರಡು, ಪಾದಗಳ ನೋವು ತಿಂಗಳುಗಟ್ಟಲೆ ಉಳಿಯಬಹುದು. ಇನ್ನು ನಿಮ್ಮಂಥ ಇಪ್ಪತ್ತು-ಮೂವತ್ತರ ಒಳಗಿನವರಿಗೆ ಒಂದು ಮಾತು: ಹಿಮ್ಮಡಿ ನೋವಿನ ಜೊತೆ ಮುಂಜಾನೆ ಸೊಂಟ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಬಿಗಿದಿದ್ದು, ನಡೆದಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅದು ಬೆನ್ನುಮೂಳೆಯ ಸಂಧಿವಾತ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ.

ನೀರಿನಲ್ಲೂ ಕಾರಣ ಇದೆ

ಗದಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ರೋಣ, ಗಜೇಂದ್ರಗಡ ಭಾಗದ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಪಟ್ಟೆ ಅದನ್ನು ಹೇಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಅನ್ನುವುದು ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚಿನ ನೀರು ಕುಡಿದರೆ ಫ್ಲೋರೈಡ್ ಎಲುಬಿಗೆ ಸೇರುತ್ತದೆ. ಸ್ನಾಯು, ಪಟ್ಟಿಗಳು ಎಲುಬಿಗೆ ಅಂಟುವ ಜಾಗಗಳಲ್ಲಿ ಸುಣ್ಣ ಕಟ್ಟುತ್ತದೆ. ಬೆನ್ನು, ಮೊಣಕಾಲು, ಹಿಮ್ಮಡಿ ಎಲ್ಲ ಬಿಗಿಯುತ್ತವೆ.

ಒಂದೇ ಓಣಿಯಲ್ಲಿ ಹಲವರಿಗೆ, ಚಿಕ್ಕ ವಯಸ್ಸಿಗೇ, ಹಿಮ್ಮಡಿ ಜೊತೆ ಬೆನ್ನು-ಮೊಣಕಾಲೂ ಬಿಗಿದಿದ್ದರೆ ಪಾದದ ಜೊತೆ ನೀರನ್ನೂ ಪರೀಕ್ಷೆ ಮಾಡಿಸಬೇಕು. ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಏರುತ್ತದೆ. ಜಲಜೀವನ ಮಿಷನ್ ಅಡಿ ಹಳ್ಳಿಯ ಮಹಿಳೆಯರಿಗೇ ನೀರು ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಎಲ್ಲಿದೆ ಅಂತ ಕೇಳಿ.

ನದಿ ನೀರು ತರುವ ಬಹುಗ್ರಾಮ ಯೋಜನೆ ಜಿಲ್ಲೆಗೆ ಬಂದಿದೆ. ಆದರೆ ಪೈಪು ಒಡೆದ ದಿನ, ಸರದಿ ತಪ್ಪಿದ ದಿನ ಜನ ಮತ್ತೆ ಬೋರ್‌ವೆಲ್‌ಗೇ ಹೋಗುತ್ತಾರೆ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದಾಗ ನಾವೆಲ್ಲ ಅದನ್ನು ಬೆಳೆಯ, ರಾಜಕೀಯದ ಲೆಕ್ಕದಲ್ಲಿ ಮಾತಾಡಿದೆವು. ಆ ನೀರು ಎಲುಬಿನ ಪ್ರಶ್ನೆಯೂ ಹೌದು.

ಚಪ್ಪಲಿ ಮತ್ತು ಕೂರುವ ಹಕ್ಕು

ಈಗ ಆ ಆರನೆಯದಕ್ಕೆ ಬರೋಣ. "ರೆಸ್ಟ್ ತಗೋರಿ" ಅಂತ ಹೇಳುವುದು ನನಗೆ ಸುಲಭ. ಹೆಸರು ಬಿಡಿಸುವ ಹಂಗಾಮಿನಲ್ಲಿ, ಕಡಲೆ ಕೀಳುವ ಹಂಗಾಮಿನಲ್ಲಿ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋಯಿತು, ಮರುದಿನ ಕರೆಯುತ್ತಾರೆ ಅನ್ನುವ ಖಾತ್ರಿಯೂ ಇಲ್ಲ. ಗಜೇಂದ್ರಗಡದ ಕುಣಿಮಗ್ಗದಲ್ಲಿ ಕಾಲುಹಲಗೆ ತುಳಿಯದೆ ಸೀರೆ ಮುಂದೆ ಹೋಗುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ ಹುಡುಗಿ ಕೂರುವಂತಿಲ್ಲ.

ಕೂರುವುದೂ ಒಂದು ಹಕ್ಕು ಅಂತ ಕೇರಳದ ಅಂಗಡಿ ಕೆಲಸಗಾರ್ತಿಯರು ಹೋರಾಡಿದರು. 2018ರಲ್ಲಿ ಅಲ್ಲಿನ ಕಾನೂನು ತಿದ್ದುಪಡಿಯಾಯಿತು, 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ನಿಂತು ದುಡಿಯುವವರಿಗೆ ಕೂರಲು ಆಸನ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನರೇಗಾ ಕಾಯ್ದೆಯಲ್ಲೂ ಕೆಲಸದ ಜಾಗದಲ್ಲಿ ವಿಶ್ರಾಂತಿಗೆ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಬರೆದಿದ್ದರು. ಅಂದರೆ ವಿಶ್ರಾಂತಿ ಕಾನೂನಿಗೆ ಹೊಸ ವಿಷಯವೇನಲ್ಲ. ಹೊಲದ ಬದುವಿಗೆ, ಅಂಗಡಿಯ ಗಲ್ಲಾಕ್ಕೆ ಅದು ಇನ್ನೂ ತಲುಪಿಲ್ಲ.

ಚಪ್ಪಲಿಯ ಕತೆಯೂ ಹಾಗೆಯೇ. ಭೂಮಿ ತಾಯಿ ಅಂತ ಹೊಲದ ಬದುವಿನಲ್ಲೇ ಚಪ್ಪಲಿ ಬಿಡುವ ರೂಢಿ ಒಂದು ಕಡೆ. ಮೇಲ್ಜಾತಿಯವರ ಓಣಿಯಲ್ಲಿ ದಲಿತರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಚರಿತ್ರೆ ಇನ್ನೊಂದು ಕಡೆ. ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿಕೊಟ್ಟ ಹರಳಯ್ಯ-ಕಲ್ಯಾಣಮ್ಮರ ಕತೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಚಪ್ಪಲಿ ಹೊಲಿಯುವವರ ಮಕ್ಕಳ ಕಾಲಲ್ಲೇ ಚಪ್ಪಲಿ ಇಲ್ಲದ್ದನ್ನು ನೋಡುವುದಿಲ್ಲ. ಕಾಲಿಗೆ ಏನು ಹಾಕಬೇಕು ಅನ್ನುವುದನ್ನು ನಮ್ಮಲ್ಲಿ ಬಹಳ ಕಾಲ ಜಾತಿಯೇ ತೀರ್ಮಾನಿಸಿತ್ತು.

ಹಾಗಾದರೆ ಏನು ಕೇಳಬೇಕು? ದೊಡ್ಡ ಆಸ್ಪತ್ರೆ ಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ವಾರಕ್ಕೆ ಒಂದು ದಿನವಾದರೂ ಫಿಸಿಯೋಥೆರಪಿಸ್ಟ್ ಬರಲಿ. ನೋವಿನ ಗುಳಿಗೆ ಕೊಡುವ ಕಿಟಕಿಯಲ್ಲೇ ಹಿಮ್ಮಡಿಯ ಮೆತ್ತೆಯೂ ಸಿಗಲಿ. ರಾಜ್ಯ ಸರ್ಕಾರದ್ದೇ ಚರ್ಮ ಕೈಗಾರಿಕಾ ನಿಗಮ ಲಿಡ್ಕರ್ ಇದೆ. ಅದರ ಕುಶಲಕರ್ಮಿಗಳಿಂದ ಮೆತ್ತನೆ ಅಟ್ಟೆಯ ಚಪ್ಪಲಿ ಮಾಡಿಸಿ ಆರೋಗ್ಯ ಇಲಾಖೆಯೇ ಕೊಂಡರೆ ಇಬ್ಬರ ಹೊಟ್ಟೆಗೂ ಕಾಲಿಗೂ ಆಗುತ್ತದೆ. ಗೃಹ ಆರೋಗ್ಯ ಯೋಜನೆಯಡಿ ಬಿಪಿ, ಶುಗರ್ ನೋಡಲು ಮನೆಗೆ ಬಂದವರಿಗೆ ಪಾದವನ್ನೂ ತೋರಿಸಿ. ಬೆರಳ ಸಂದು, ಅಂಗಾಲು, ಹಿಮ್ಮಡಿಯ ಸೀಳು ನೋಡಲು ಎರಡು ನಿಮಿಷ ಸಾಕು.

ಮತ್ತು ಇದನ್ನು ಫೋನಿನಲ್ಲಿ ಓದುತ್ತಿರುವ ನೀವು ಮಾಡಬಹುದಾದದ್ದೂ ಇದೆ. ನಾಳೆ ಮುಂಜಾನೆ ಮನೆಯಲ್ಲಿ ಅವ್ವ ಎದ್ದು ಮೊದಲ ನಾಲ್ಕು ಹೆಜ್ಜೆ ಹೇಗೆ ಇಡುತ್ತಾಳೆ ನೋಡಿ. ಕುಂಟಿದರೆ, ಹಾಸಿಗೆ ಮೇಲೆಯೇ ಬೆರಳು ಎಳೆಯುವುದನ್ನು ಕಲಿಸಿ. ಅಡುಗೆ ಮನೆಗೆ ಒಂದು ಮೆತ್ತನೆ ಚಪ್ಪಲಿ ತನ್ನಿ. "ಒಲಿ ಮುಂದ ಚಪ್ಪಲಿ ಹಾಕ್ಕೊಂಡು ಹೆಂಗ ನಿಲ್ಲಲೆಪಾ" ಅಂತ ಬೈಯುತ್ತಾಳೆ. ಬೈಸಿಕೊಳ್ಳಿ. ಅವಳು ಹಾಕಿಸಿಕೊಂಡ ಸೂಜಿಗಳ ಚೀಟಿ ಇದ್ದರೆ ತೆಗೆದು ಓದಿ, ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಕೇಳಿ. ಆಮೇಲೆ ಮುಂದಿನ ಗ್ರಾಮಸಭೆಗೆ ಹೋಗಿ ರಸ್ತೆ, ಚರಂಡಿಯ ಪಟ್ಟಿಗೆ ಎರಡು ಸಾಲು ಸೇರಿಸಿ: ನೀರಿನ ಫ್ಲೋರೈಡ್ ಎಷ್ಟು, ಫಿಸಿಯೋಥೆರಪಿಸ್ಟ್ ಯಾವಾಗ.